ತೀರ್ಪುಗಾರನ ಕುರ್ಚಿ ಬೇಡ

ಪಂಚನಹಳ್ಳಿ

ಮಾನ್ಯ ಪ್ರಾಂಶುಪಾಲರಿಗೆ, ನಿಮ್ಮ ಕಾಲೇಜಿನ ಹಳೆಯ ಚರ್ಚಾಪಟು ಹನುಮಂತಯ್ಯನ ವಂದನೆಗಳು.

‘ನ್ಯಾಟೊ ವಿಸ್ತರಣೆಗೆ ರಷ್ಯಾ ಯುದ್ಧದಿಂದ ಉತ್ತರಿಸಿದ್ದು ಸರಿಯೇ?’ ಎಂಬ ಚರ್ಚಾಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದೀರಿ. ಎದುರಾಳಿ ಸೇನಾಕೂಟ ಗಡಿಯವರೆಗೆ ಬಂದಾಗ ದೊಡ್ಡ ರಾಷ್ಟ್ರ ಸುಮ್ಮನಿರಲಾರದೆಂದು ನಾನು ವಾದಿಸಬಲ್ಲೆ. ಆ ರಾಷ್ಟ್ರದ ಭಯದಿಂದಲೇ ನೆರೆಯವರು ಕೂಟ ಸೇರಿದರೆಂದೂ ಅಷ್ಟೇ ಚೆನ್ನಾಗಿ ವಾದಿಸಬಲ್ಲೆ. ಮೊನ್ನೆ ಮನೆಯಲ್ಲಿ ಎರಡನ್ನೂ ವಿವರಿಸುತ್ತಿದ್ದಾಗ ನನ್ನ ಹೆಂಡತಿ ಪುಟ್ಟಗೌರಮ್ಮ, “ಇದ್ರಲ್ಲಿ ನಮ್ ಮಂಜೇಶ ಯಾವ ಕಡೆ ಕಣ್ರೀ?” ಎಂದಳು.

ಮಂಜೇಶ ನಮ್ಮ ಮಗ. ಅಡುಗೆ ಕೆಲಸವೆಂದು ನಂಬಿಸಿ ಅವನನ್ನು ರಷ್ಯಾಕ್ಕೆ ಕರೆದೊಯ್ದ ಏಜೆಂಟ್ ಸೈನ್ಯಕ್ಕೆ ಸೇರಿಸಿದ. ಹೋದ ವರ್ಷ ಅವನು ಕಂದಕದಲ್ಲಿ ಸತ್ತ. ದೇಹ ಇನ್ನೂ ಬಂದಿಲ್ಲ. ನಾನು ಎಲ್ಲಿಗೆ ಬರೆದರೂ ಪರಿಸ್ಥಿತಿ ಸೂಕ್ಷ್ಮವಾಗಿದೆ ಎಂಬ ಉತ್ತರವೇ ಬರುತ್ತದೆ.

ಅವಳ ಆ ಪ್ರಶ್ನೆ ನಿಮ್ಮ ವಿದ್ಯಾರ್ಥಿಗಳ ಮುಂದೆ ಬರಬೇಕೆಂಬುದು ನನ್ನ ಆಸೆ. ತೀರ್ಪುಗಾರ ಪ್ರಶ್ನೆ ಕೇಳುವಂತಿಲ್ಲ ಎಂಬುದು ಸ್ಪರ್ಧೆಯ ನಿಯಮ. ಆದ್ದರಿಂದ ತೀರ್ಪಿನ ಹೊಣೆಯನ್ನು ಬೇರೆಯವರಿಗೆ ವಹಿಸಿ, ಸಭಿಕರ ನಡುವೆ ನಮ್ಮಿಬ್ಬರಿಗೆ ಜಾಗ ಕೊಡಿ. ಕೊನೆಯಲ್ಲಿ ಅವಳೇ ಎರಡೂ ತಂಡಗಳಿಗೆ ಅದನ್ನು ಕೇಳುತ್ತಾಳೆ. ವಿದ್ಯಾರ್ಥಿಗಳು ಉತ್ತರಿಸುವಾಗ ಸಮಯ ಮುಗಿಯಿತೆಂದು ದಯವಿಟ್ಟು ಗಂಟೆ ಬಾರಿಸಬೇಡಿ.

ಇತಿ,
ಕೆ. ಹನುಮಂತಯ್ಯ