ನನ್ನ ಹೆಸರಲ್ಲಿ ಚದುರಂಗ ಆಡುತ್ತಿರುವುದು ನಾನಲ್ಲ

ಇಂಟರ್‌ನೆಟ್ ದೂರುಗಳ ಹೊಣೆ ಹೊತ್ತು ಕುಳಿತಿರುವ ಮಾನ್ಯ ಅಧಿಕಾರಿಗಳೇ,

ನಾನು ಚದುರಂಗ ಬಿಟ್ಟು ಎರಡು ವರ್ಷ ಆಗುತ್ತಾ ಬಂತು. ಆದರೂ ನಿನ್ನೆ ಸಂಜೆ ಆಡಿ ಗೆದ್ದಿದ್ದೇನೆ. ಒಂದು ಆಟದ ತಾಣದಲ್ಲಿ ನನ್ನ ಹೆಸರು, ನನ್ನ ಫೋಟೊ, ನನ್ನ ಹಳೆಯ ಆಟಗಳು, ಗೆಳತಿಗೆ ಬರೆದ ಮಾತುಗಳು ಎಲ್ಲವೂ ಇರುವ ಖಾತೆಯನ್ನು ಬೇರೆ ಯಾರೋ ನಡೆಸುತ್ತಿದ್ದಾರೆ. ಅದನ್ನು ಅಳಿಸಿಕೊಡಿ ಎಂದು ನಿಮ್ಮ ಕಚೇರಿಗೆ ಬಂದೆ. ಹಾಗೆ ಕೇಳುವ ಹಕ್ಕು ನಿನಗಿಲ್ಲ ಎಂದು ಕಳಿಸಿದಿರಿ. ಮೇಜಿನ ಮುಂದೆ ನಿಂತು ಹೇಳಿದ್ದು ತಮಗೆ ಕೇಳಿಸಲಿಲ್ಲ. ಆದ್ದರಿಂದ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ನಾನು ಹಿರಿಯೂರು ತಾಲ್ಲೂಕಿನವಳು. ಐಮಂಗಲದ ಆಚೆ ನಮ್ಮ ಹಟ್ಟಿ. ಅಪ್ಪ ಯತ್ತಪ್ಪ ಕುರಿ ಸಾಕಿಕೊಂಡಿದ್ದಾರೆ, ಜೊತೆಗೆ ಒಂದಿಷ್ಟು ಹೊಲ ಇದೆ. ೨೦೦೬ರಲ್ಲಿ ಡಿ.ಎಡ್. ಓದಲು ಚಿತ್ರದುರ್ಗಕ್ಕೆ ಬಂದೆ. ಹಾಸ್ಟೆಲಿನಲ್ಲಿ ಹೊಸದುರ್ಗದ ಮೇಘಶ್ರೀ ನನ್ನ ಕೋಣೆಯ ಜೊತೆಗಾತಿ. ಚದುರಂಗ ಕಲಿಸಿದ್ದು ಅವಳೇ, ಮೊದಲು ಸೋತದ್ದೂ ಅವಳೇ. ಹಾಸ್ಟೆಲಿನಲ್ಲಿ ನನ್ನೊಡನೆ ಆಡಲು ಯಾರೂ ಉಳಿಯದೆ ಹೋದಾಗ ಭಾನುವಾರಗಳಂದು ಇಬ್ಬರೂ ಸೈಬರ್ ಕೆಫೆಗೆ ಹೋಗತೊಡಗಿದೆವು. ಅಲ್ಲಿ ಯಾವ್ಯಾವುದೋ ದೇಶದವರು ನನ್ನ ಎದುರು ಕೂರುತ್ತಿದ್ದರು, ಸೋಲುತ್ತಿದ್ದರು. ಕುರಿ ಹಟ್ಟಿಯ ಹುಡುಗಿಗೆ ಅದು ಎಂಥ ಸಂತೋಷ ಕೊಟ್ಟಿತೆಂದು ತಮಗೆ ಹೇಳಿ ತಿಳಿಸಲಾರೆ. ಸ್ವಂತ ಹೆಸರು ಕೊಟ್ಟೆ, ಫೋಟೊ ಹಾಕಿದೆ. ಗೆದ್ದವರ ಸಾಲಿನಲ್ಲಿ ನನ್ನ ಮುಖ ನೋಡುವ ಆಸೆ ನನಗಿತ್ತು. ಅದರಲ್ಲಿ ತಪ್ಪೇನಿದೆ?

ಆಟದ ಪಕ್ಕದಲ್ಲೇ ಮಾತಾಡಲು ಜಾಗವಿರುತ್ತದೆ. ರಜೆಗೆ ಊರಿಗೆ ಹೋದ ಮೇಘಶ್ರೀಗೆ ಅದರಲ್ಲಿ ಎಲ್ಲವನ್ನೂ ಬರೆಯುತ್ತಿದ್ದೆ. ನಮ್ಮಮ್ಮ ನಾಗಕ್ಕನ ಮಂಡಿನೋವು, ಮನೆ ಮುಂದಿನ ಹುಣಸೆಮರ, ಅಪ್ಪ ಕುರಿ ಹೊಡೆದುಕೊಂಡು ಮನೆ ಬಿಡುವ ಹೊತ್ತು. ಗೆಳತಿಯ ಕಿವಿಗೆ ಹೇಳಿದ ಮಾತು ಅಲ್ಲೇ ಕರಗಿಹೋಗುತ್ತದೆ ಎಂದುಕೊಂಡಿದ್ದೆವು. ಅದು ಒಂದಕ್ಷರವೂ ಬಿಡದೆ ಕೂಡಿಟ್ಟುಕೊಳ್ಳುವ ಜಾಗ ಎಂದು ನಮಗೆ ಯಾರು ಹೇಳಿದ್ದರು?

ಒಂದು ಭಾನುವಾರ ಎಂದಿನಂತೆ ಖಾತೆ ತೆರೆಯಲು ಹೋದರೆ ತೆರೆಯಲಿಲ್ಲ. ಪಾಸ್‌ವರ್ಡ್ ತಪ್ಪು ಎಂದಿತು. ಕೆಫೆಯಲ್ಲಿ ನನ್ನ ನಂತರ ಕೂತವರು ಕದ್ದರೋ, ಹೇಗೆ ಹೋಯಿತೋ, ಇಂದಿಗೂ ಗೊತ್ತಿಲ್ಲ. ಹೋದರೆ ಹೋಗಲಿ, ಆಟ ತಾನೇ ಎಂದು ಮೇಘಶ್ರೀ ಸಮಾಧಾನ ಹೇಳಿದಳು. ಪರೀಕ್ಷೆಯೂ ಹತ್ತಿರವಿತ್ತು. ಸುಮ್ಮನಾದೆ.

ಪರೀಕ್ಷೆ ಮುಗಿಸಿ ಹಟ್ಟಿಗೆ ಬಂದ ವಾರದಲ್ಲೇ ಮನೆ ಮುಂದೆ ಒಂದು ಬೈಕು ನಿಂತಿತು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಒಂದು ಪೊಟ್ಟಣ. ಅಪ್ಪ ಎದ್ದು, "ಬರ್ರಿ, ಕುಂತ್ಕಳ್ರಿ. ಯಾವೂರಾತು ನಿಮ್ದು?" ಎಂದರು.

"ಭರಮಸಾಗರ ರೀ. ಚೇತನ್‌ಕುಮಾರ್ ಅಂತ ನನ್ನ ಹೆಸ್ರು. ಯಶೋದಾ ಅವ್ರು ಬರಾಕೆ ಹೇಳಿದ್ರು."

ಅಪ್ಪ ನನ್ನನ್ನು ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಹುಡುಗ ನನ್ನ ಗುರುತು ಹಿಡಿದು ನಕ್ಕ. ಜನ್ಮದಲ್ಲಿ ಅವನನ್ನು ಕಂಡವಳಲ್ಲ ನಾನು. ಅವನು ಪೊಟ್ಟಣ ಬಿಚ್ಚಿದ. ಒಳಗೆ ಮರದ ಚದುರಂಗದ ಹಲಗೆ. "ನೀವೇ ಕೇಳಿದ್ರಲ್ಲ," ಎಂದು ಮೆಲ್ಲಗೆ ಹೇಳಿದ. ಆಮೇಲೆ ಅಮ್ಮನ ಕಡೆ ತಿರುಗಿ, "ಮಂಡಿನೋವು ಹೆಂಗೈತಮ್ಮ?" ಎಂದು ಕೇಳಿದ. ಅಮ್ಮನ ಕೈಯಲ್ಲಿದ್ದ ನೀರಿನ ಚೊಂಬು ಕೆಳಗೆ ಬಿತ್ತು.

"ನಾನು ನಿಮ್ಮನ್ನ ಕರೆದಿಲ್ಲ. ನೀವು ಯಾರಂತ ನಂಗೆ ಗೊತ್ತಿಲ್ಲ," ಎಂದೆ. ಅವನು ಮೊದಲು ತಮಾಷೆ ಎಂದುಕೊಂಡ. ನನ್ನ ಮುಖ ನೋಡಿದ ಮೇಲೆ ಅವನ ಮುಖವೂ ಕಪ್ಪಿಟ್ಟಿತು. ದಾರಿಯ ತಿರುವು, ಹುಣಸೆಮರದ ಗುರುತು, ಎಲ್ಲವನ್ನೂ "ಯಶೋದಾ" ಬರೆದು ತಿಳಿಸಿದ್ದಳಂತೆ. ಅಪ್ಪ ಕುರಿ ಹೊಡೆದುಕೊಂಡು ಹೋದ ಮೇಲೆ ಬಾ ಎಂದೂ ಬರೆದಿದ್ದಳಂತೆ. ಅವನು ಮರ್ಯಾದಸ್ಥ. ಹಾಗೆ ಬರುವುದು ಸರಿಯಲ್ಲ, ಹಿರಿಯರ ಮುಂದೆಯೇ ಬರೋಣ ಎಂದು ಬೇಗ ಹೊರಟು ಬಂದಿದ್ದ. "ತಪ್ಪಾತು, ಕ್ಷಮಿಸ್ರಿ," ಎಂದು ಅಪ್ಪನಿಗೆ ಕೈಮುಗಿದು ಹೋದ. ಹಲಗೆಯನ್ನು ಒಯ್ಯುವುದೋ ಬಿಡುವುದೋ ತಿಳಿಯದೆ ಕಟ್ಟೆಯ ಮೇಲೇ ಇಟ್ಟು ಹೋದ.

ಮಾನ್ಯರೇ, ಅವನು ಒಳ್ಳೆಯವನಾಗಿದ್ದ. ಹೇಳಿದ ಹೊತ್ತಿಗೇ ಸರಿಯಾಗಿ ಬರುವ ಇನ್ನೊಬ್ಬನಾಗಿದ್ದರೆ? ಆಮೇಲೆ ಅಂಥವರೂ ಬಂದರು. ಒಬ್ಬ ಹೆದ್ದಾರಿಯ ಬಸ್‌ಸ್ಟಾಪಿನಲ್ಲಿ ನನ್ನ ಕೈ ಹಿಡಿದು, "ಅಲ್ಲಿ ಅಷ್ಟೆಲ್ಲ ಮಾತಾಡ್ತೀಯ, ಇಲ್ಲಿ ಯಾಕೆ ನಾಟ್ಕ?" ಎಂದ. ಬಸ್ಸಿನ ಕಂಡಕ್ಟರು ಇಳಿದು ಬಂದದ್ದಕ್ಕೆ ಬಿಟ್ಟ. ಅಂದಿನಿಂದ ಅಪ್ಪ ಕುರಿಗಳನ್ನು ತಮ್ಮ ಅಣ್ಣತಮ್ಮಂದಿರ ಜೊತೆ ಬಿಟ್ಟು ನನ್ನ ಜೊತೆ ಬಸ್ಸಿನವರೆಗೆ ನಡೆಯತೊಡಗಿದರು. ಹಟ್ಟಿಯಲ್ಲಿ ಯಾರೂ ಏನೂ ಕೇಳಲಿಲ್ಲ. ನಾನು ಹೋದಾಗ ಮಾತು ನಿಲ್ಲಿಸುತ್ತಿದ್ದರು, ಅಷ್ಟೆ.

ಆಗ ಅಪ್ಪ, ನಾನು ಇಬ್ಬರೂ ತಮ್ಮ ಕಚೇರಿಗೆ ಬಂದೆವು. ತಮ್ಮ ಕೈಕೆಳಗಿನ ಅಧಿಕಾರಿ ವಿಚಾರಣೆಯನ್ನು ಅತ್ಯಂತ ಚುರುಕಾಗಿ ಮುಗಿಸಿದರು.

"ಖಾತೆ ತೆರೆದೋರು ಯಾರಮ್ಮ?"

"ನಾನೇ ಸರ್."

"ಫೋಟೊ ಹಾಕಿದ್ದು?"

"ನಾನೇ."

"ಮತ್ತೆ ದೂರು ಯಾರ ಮೇಲೆ ಬರ್ಕಳಾಣ? ನಿನ್ನ ಮೇಲಾ?"

ಅಪ್ಪ, "ಸಾಮಿ, ನಮ್ಮುಡುಗಿ ಹೆಸ್ರು ಐತೆ ಅದ್ರಾಗೆ. ಅದನ್ನ ಒರೆಸಿ ಹಾಕ್ರಿ, ಸಾಕು," ಎಂದರು.

"ಒರೆಸಾಕೆ ಅದೇನು ಸ್ಲೇಟಾ? ಅದೆಲ್ಲ ಪರದೇಶದಾಗೆ ಐತೆ ಕಣಪ್ಪ."

"ಪರದೇಶದಾಗೆ ಇರೋದು ನಮ್ಮನೆ ಬಾಗ್ಲಿಗೆ ಹೆಂಗೆ ಬಂತು ಸಾಮಿ?"

ಆ ತಾಣ ನಡೆಸುವ ಕಂಪನಿಗೇ ಬರೆಯಿರಿ ಎಂಬ ಸಲಹೆ ಸಿಕ್ಕಿತು. ಬರೆದೆವು. ಮೇಘಶ್ರೀ ಇಂಗ್ಲಿಷ್ ತಿದ್ದಿಕೊಟ್ಟಳು. ಬಹಳ ದಿನ ಕಾದ ಮೇಲೆ ಬಂದ ಉತ್ತರದ ತಾತ್ಪರ್ಯ ಇಷ್ಟು: ಅಳಿಸಿ ಎಂದು ಖಾತೆಯ ಒಡೆಯರು ಮಾತ್ರ ಕೇಳಬಹುದು. ನಾವು ಒಡೆಯರನ್ನು ವಿಚಾರಿಸಿದ್ದೇವೆ. ತಮಗೆ ಅಂಥ ಇಚ್ಛೆ ಇಲ್ಲವೆಂದೂ, ಯಾರೋ ತಮ್ಮ ಹೆಸರಿನಲ್ಲಿ ಸುಳ್ಳು ಅರ್ಜಿ ಕೊಟ್ಟಿದ್ದಾರೆಂದೂ ಅವರು ತಿಳಿಸಿದ್ದಾರೆ. ಒಂದು ವೇಳೆ ಖಾತೆ ಮುಚ್ಚಿದರೂ ಆಡಿದ ಆಟಗಳು, ಆಡಿದ ಮಾತುಗಳು ದಾಖಲೆಯಾಗಿ ಉಳಿಯುತ್ತವೆ.

ಎಂಥ ನ್ಯಾಯ! ಮನೆಗೆ ನುಗ್ಗಿದವನನ್ನು ಕರೆದು, ಮನೆ ಬಿಡಲು ನಿನಗೆ ಮನಸ್ಸಿದೆಯೇ ಎಂದು ವಿನಯದಿಂದ ಕೇಳಿದ್ದಾರೆ. ಅವನು ಇಲ್ಲವೆಂದಿದ್ದಾನೆ. ಆ ಉತ್ತರವನ್ನು ತಮ್ಮ ಕಚೇರಿಗೆ ತಂದು ತೋರಿಸಿದಾಗ, ಇನ್ನೂ ಏನೂ ಆಗಿಲ್ಲವಲ್ಲ, ಆದಾಗ ಬನ್ನಿ ಎಂದರು. ಏನಾದರೆ ತಮಗೆ "ಆದಂತೆ" ಆಗುತ್ತದೆ, ದಯವಿಟ್ಟು ತಿಳಿಸಿ. ಆಗ ಬರಲು ನಾನು ಉಳಿದಿರಬೇಕೋ, ಅಪ್ಪ ಒಬ್ಬರೇ ಬಂದರೆ ನಡೆಯುತ್ತದೋ? ದೇಶದ ಕಾನೂನಿನಲ್ಲಿ ತಪ್ಪು ಮಾಡಿದವನನ್ನು ಕೂಡ ಶಿಕ್ಷೆ ಮುಗಿದ ಮೇಲೆ ಬಿಡುಗಡೆ ಮಾಡುತ್ತಾರೆ. ಇಪ್ಪತ್ತರ ವಯಸ್ಸಿನಲ್ಲಿ ಒಂದು ಆಟ ಆಡಿದವಳಿಗೆ ಬಿಡುಗಡೆಯೇ ಇಲ್ಲವೇ? ನನ್ನ ಮಾತನ್ನು ನಾನು ಹಿಂದಕ್ಕೆ ಪಡೆಯುವಂತಿಲ್ಲ, ಬೇರೆಯವರು ಮಾತ್ರ ಅದನ್ನು ಬಳಸಬಹುದು ಎಂಬುದು ಯಾವ ದೇಶದ ನಿಯಮ?

ಈ ವರ್ಷ ಜೂನ್‌ನಲ್ಲಿ ನನಗೆ ಹೊಳಲ್ಕೆರೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಹೊಸ ಊರು, ಯಾರಿಗೂ ಗೊತ್ತಿಲ್ಲ ಎಂದು ಅಮ್ಮ ನಿಟ್ಟುಸಿರು ಬಿಟ್ಟರು. ಮನೆಯವರ ಹೊರತು ಮೇಘಶ್ರೀಗೆ ಮಾತ್ರ ಫೋನಿನಲ್ಲಿ ಹೇಳಿದ್ದೆ, ಅದೂ ಊರಿನ ಹೆಸರು ಬಿಟ್ಟು. ಶಾಲೆಯ ಹತ್ತಿರವೇ ಮಹಡಿಯ ಮೇಲೊಂದು ಕೋಣೆ ಹಿಡಿದೆ. ಮಕ್ಕಳು ಹೊಂದಿಕೊಂಡರು. ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಹೋದ ವಾರ ಮೇಘಶ್ರೀ ಶಾಲೆಗೇ ಫೋನ್ ಮಾಡಿದಳು. ಶಾಲೆಯ ನಂಬರನ್ನು ನಾನು ಅವಳಿಗೆ ಕೊಟ್ಟಿರಲಿಲ್ಲ.

"ಲೇ ಯಶೋದಾ, ಆ ಖಾತೆ ನಿಂಗೆ ವಾಪಸ್ ಸಿಕ್ತೇನೆ? ಮತ್ತೆ ಆಡಾಕೆ ಶುರು ಮಾಡಿದ್ಯಾ?"

"ಇಲ್ಲ ಕಣೇ. ಈ ನಂಬರ್ ಯಾರು ಕೊಟ್ರು?"

"ನೀನೇ ಬರ್ದಿದ್ಯಲ್ಲ ಅಲ್ಲಿ. ಹೊಳಲ್ಕೆರೇಲಿ ಟೀಚರ್ ಆಗಿದೀನಿ, ಮಹಡಿ ಮನೆ, ಕಿಟಕಿ ತೆಗೆದ್ರೆ ಬಸ್‌ಸ್ಟ್ಯಾಂಡ್ ಕಾಣ್ತೈತೆ ಅಂತ." ಆಮೇಲೆ ಅವಳೇ ಕೇಳಿದಳು, "ಕಾಣ್ತೈತಾ?"

ಕಾಣುತ್ತದೆ, ಮಾನ್ಯರೇ.

ಇದು ಹಳೆಯ ದಾಖಲೆಗಳಿಂದ ಹೆಕ್ಕಿದ ಮಾತಲ್ಲ. ಬರೆದವರು ಈ ಊರಿಗೆ ಬಂದಿದ್ದಾರೆ. ಕೋಣೆಯ ಒಳಗೂ ಬಂದಿದ್ದರೋ ಏನೋ ತಿಳಿಯದು, ಬಸ್‌ಸ್ಟ್ಯಾಂಡ್ ಕಾಣುವ ಕಿಟಕಿ ಕೋಣೆಯ ಹಿಂಬದಿಯದು, ಒಳಗೆ ಬಾರದವರಿಗೆ ಅದು ಗೊತ್ತಾಗುವುದು ಕಷ್ಟ. ನಾನು ಬೀಗ ಬದಲಾಯಿಸಿದ್ದೇನೆ. ಅಪ್ಪ ಬಂದು ನನ್ನ ಜೊತೆ ಇದ್ದಾರೆ. ಇನ್ನೆಷ್ಟು ದಿನ ಹೀಗೆ ಕಾವಲು ಕೂರುತ್ತಾರೆ?

ನನ್ನ ಬೇಡಿಕೆ ಸರಳ. ಆ ಖಾತೆಯನ್ನು ಈ ಕೂಡಲೇ ನಿಲ್ಲಿಸಿ, ನಡೆಸುತ್ತಿರುವವರನ್ನು ಪತ್ತೆ ಮಾಡಿ. ಆಮೇಲೆ ಆಟ, ಮಾತು, ಫೋಟೊ ಒಂದನ್ನೂ ಉಳಿಸದೆ ಅಳಿಸಿ. ತಾನು ತೆರೆದದ್ದನ್ನು ತಾನೇ ಅಳಿಸಿಹಾಕುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಸ್ಪಷ್ಟವಾದ ನಿಯಮ ಮಾಡಿ. ನಿಜವಾದ ಯಶೋದಾ ಯಾರೆಂಬ ಅನುಮಾನ ಇನ್ನೂ ಇದ್ದರೆ ಇಬ್ಬರನ್ನೂ ಕಚೇರಿಗೆ ಕರೆಸಿ. ನಾನು ಬರುತ್ತೇನೆ. ಇನ್ನೊಬ್ಬರೂ ಬರಲಿ, ಅವರ ಮುಖ ನೋಡಬೇಕೆಂಬ ಆಸೆ ನನಗೂ ಇದೆ. "ಈ ಪತ್ರ ನಾನು ಬರೆದದ್ದಲ್ಲ" ಎಂದು ಅವರು ನಾಳೆ ತಮಗೆ ತಿಳಿಸಬಹುದು. ನಂಬುವ ಮೊದಲು ಒಮ್ಮೆ ಹೊಳಲ್ಕೆರೆಗೆ ಬಂದು ನನ್ನ ಬಾಗಿಲು ತಟ್ಟಿ. ಯಾರೆಂದು ಹೊರಗಿನಿಂದಲೇ ಹೇಳಿ, ಗಟ್ಟಿಯಾಗಿ ಹೇಳಿ. ಹೇಳದಿದ್ದರೆ ನಾನು ತೆರೆಯುವುದಿಲ್ಲ.

ಇಂತಿ,
ಸದ್ಯಕ್ಕೆ ಇನ್ನೂ ನಾನೇ ಆಗಿರುವ
ಯಶೋದಾ