ಅವ್ವ ಅಂದರೆ ಯಾರು

ರಾಯಲ್ಪಾಡು
20-10-2021

ನನ್ನ ಮುದ್ದು ಮೇಘನಾ,

ಹೇಗಿದ್ದೀಯ ಕಣೇ? ಕೆಮ್ಮು ನಿಂತಿತಾ? ಮಾಲೂರಿನ ನೀರು ನಿನಗೆ ಒಗ್ಗುವುದಿಲ್ಲ, ಕಾಯಿಸಿ ಆರಿಸಿ ಕೊಡು ಎಂದು ನಿನ್ನ ಚಿಕ್ಕಮ್ಮನಿಗೆ ಹೇಳಿದ್ದೇನೆ. ರಮ್ಯ ಹೂಂ ಅಂದಿದ್ದಾಳೆ, ಆದರೆ ನನ್ನ ತಂಗಿಯ ಹೂಂ ಎಷ್ಟು ಗಟ್ಟಿ ಎನ್ನುವುದು ನನಗೆ ಗೊತ್ತು. ನಾವಿಲ್ಲಿ ಚೆನ್ನಾಗಿದ್ದೇವೆ. ನಾನಂತೂ ಬದುಕಿಯೇ ಇದ್ದೇನೆ, ನಿಮ್ಮ ವಿಶ್ವವಿದ್ಯಾಲಯಕ್ಕೆ ಅದು ಇಷ್ಟವಿಲ್ಲದಿದ್ದರೂ. ಫೋನ್ ಮಾಡಿದರೆ ನೀನು ತೆಗೆಯುವುದಿಲ್ಲ, ತೆಗೆದರೂ 'ಆಮೇಲ್ ಮಾತಾಡ್ತೀನಮ್ಮ' ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಟೊಮೆಟೊ ತುಂಬಿಕೊಂಡು ಮಾಲೂರಿನ ಕಡೆ ಹೋಗುವ ನಮ್ಮ ವೆಂಕಟ್ ಕೈಲಿ ಕಳಿಸುತ್ತೇನೆ. ಜೊತೆಗೆ ಹುರಿಹಿಟ್ಟಿನ ಡಬ್ಬಿಯೂ ಇದೆ.

ನಿಮ್ಮ ಹಾಸ್ಟೆಲಿನವರ ನಿಯಮಗಳನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ. ಮೊದಲ ಸಲ ಸಂಜೆಯೊಳಗೆ ಹಾಸ್ಟೆಲ್ ಖಾಲಿ ಮಾಡಿ ಎಂದರು. ಬಸ್ಸೇ ಇಲ್ಲದ ದಿನ ನಿಮ್ಮನ್ನು ಗಂಟುಮೂಟೆ ಸಮೇತ ರಸ್ತೆಗೆ ಬಿಟ್ಟು ಗೇಟಿಗೆ ಬೀಗ ಹಾಕಿದ್ದೇ ನಿಮ್ಮ ಸುರಕ್ಷತೆಯಂತೆ! ಆಮೇಲೆ ಬನ್ನಿ ಎಂದರು, ರಿಪೋರ್ಟ್ ತನ್ನಿ ಎಂದರು, ತಂದರೆ ಇದು ಹಳೆಯದಾಯಿತು ಎಂದರು. ಒಂದು ವಾರ ಊಟ ಕೋಣೆಯಲ್ಲೇ ಮಾಡಬೇಕು, ಮುಂದಿನ ವಾರ ಕೋಣೆಗೆ ತಟ್ಟೆ ಒಯ್ದರೆ ದಂಡ. ನಿಮ್ಮ ಹಣೆಗೆ ಗನ್ನು ಹಿಡಿದು ಜ್ವರ ನೋಡುವ ಸೆಕ್ಯುರಿಟಿಯವನ ಮಾಸ್ಕ್ ಮಾತ್ರ ಸದಾ ಗದ್ದದ ಕೆಳಗೆ. ನಿಮ್ಮನ್ನು ಮೆಟ್ಟಿಲು ಇಳಿಯಲೂ ಬಿಡದ ದಿನಗಳಲ್ಲೇ ಯಾರೋ ದೊಡ್ಡವರಿಗೆ ಸನ್ಮಾನ ಮಾಡಿ, ವೇದಿಕೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಂತು ಫೋಟೋ ತೆಗೆಸಿಕೊಂಡರಲ್ಲ. ಅಲ್ಲಿಗೆ ಕೊರೊನಾ ಬರಲಿಲ್ಲ, ಅದಕ್ಕೆ ಆಹ್ವಾನ ಹೋಗಿರಲಿಲ್ಲವೇನೋ. ನಾನೂ ಅಂಗನವಾಡಿ ನಡೆಸುವವಳು, ಸೋಂಕಿಗೆ ಹೆದರಬೇಕು ಎನ್ನುವುದು ನನಗೂ ಗೊತ್ತು. ನಿಯಮ ಬೇಡ ಎನ್ನುತ್ತಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಆದರೆ ಅದು ಯಾರನ್ನು ಕಾಯುತ್ತದೆ ಹೇಳು.

ಅದೇ ಸಾಲಿನಲ್ಲಿ ಬಂದದ್ದು ಆ ಹಾಳು ನಿಯಮ. ಒಳಗೆ ಬಂದವರು ಪರೀಕ್ಷೆ ಮುಗಿಯುವ ತನಕ ಆಚೆ ಹೋಗುವಂತಿಲ್ಲ, ತಂದೆಯೋ ತಾಯಿಯೋ ತೀರಿಕೊಂಡರೆ ಮಾತ್ರ ಬಿಡುತ್ತೇವೆ ಎಂದು. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬರೆದರೆ ನನ್ನ ಮನಸ್ಸು ಹಗುರಾಗುತ್ತದೆ. ನಿನ್ನ ಅವ್ವನಿಗೆ ಈ ನಿಯಮ ಗೊತ್ತಿರಲಿಲ್ಲ, ಪಾಪ. ಗೊತ್ತಿದ್ದರೆ ನಮ್ಮತ್ತೆ ನಿನ್ನ ಪರೀಕ್ಷೆ ಮುಗಿಯುವ ತನಕ ಉಸಿರು ಹಿಡಿದುಕೊಂಡೇ ಇರುತ್ತಿದ್ದಳು, ಅಷ್ಟು ಹಟಮಾರಿ. ಕೊರೊನಾ ಏನೂ ಅಲ್ಲ, ಮುದ್ದೆ ಉಂಡು ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ನಿಮ್ಮಪ್ಪನ ಫೋನ್ ಬಂದ ಕೂಡಲೇ ನೀನು ಅಳುತ್ತಾ ವಾರ್ಡನ್ ಹತ್ತಿರ ಓಡಿ 'ನಮ್ಮವ್ವ ಹೋಗ್ಬಿಟ್ಲು ಮೇಡಂ' ಎಂದೆ. ಗಡಿಯ ಈ ಸೀಮೆಯ ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ಅರ್ಧ ತೆಲುಗು ಅರ್ಧ ಕನ್ನಡ ಆಡಿಕೊಂಡು ಬೆಳೆದ ನಿನಗೆ ಆ ಹೊತ್ತಿನಲ್ಲಿ ಬೇರೆ ಮಾತು ಹೇಗೆ ಬರಬೇಕು? ಆ ಮೇಡಂ ಗದಗಿನ ಕಡೆಯವರು, ಅವರಿಗೆ ಅವ್ವ ಅಂದರೆ ಹೆತ್ತವಳು. ಮಾಸ್ಕ್ ಕೆಳಗಿಳಿಸಿ, ನಿನ್ನನ್ನು ತಬ್ಬಿಕೊಂಡು ಅವರೂ ಅತ್ತರಂತೆ. 'ತಾಯಿಯ ಮರಣ' ಎಂದು ತಾವೇ ಬರೆದುಕೊಂಡು ಕಳಿಸಿಕೊಟ್ಟರು. ಹಾಗಾಗಿಯೇ ನೀನು ಬಂದು ಅವ್ವನ ಬಾಯಿಗೆ ನೀರು ಬಿಟ್ಟ ಮೇಲೆ ನಾವು ಅವಳನ್ನು ಎತ್ತಿದೆವು.

ಹಾಲು ತುಪ್ಪದ ಶಾಸ್ತ್ರ ಮುಗಿಸಿ ನಿನ್ನನ್ನು ವಾಪಸು ಬಿಡಲು ನಾನೇ ಬಂದೆ. ಪೋಷಕರು ಖುದ್ದಾಗಿ ಬಂದು ಸಹಿ ಹಾಕಬೇಕೆಂದು ಅಷ್ಟರಲ್ಲಿ ಇನ್ನೊಂದು ನಿಯಮ ಹುಟ್ಟಿತ್ತಲ್ಲ. ಯಾರು ನೀವು ಎಂದರು. ಇವಳ ತಾಯಿ ಎಂದೆ. ಆ ಮೇಡಂ ಮುಖ ಬಿಳಿಚಿಕೊಂಡಿತು, ಅವತ್ತು ಅತ್ತವರೇ ಎಲ್ಲರಿಗಿಂತ ಮೊದಲು ಕೂಗಾಡಿದರು. ನನಗೆ ಅವರ ಮೇಲೆ ಅಷ್ಟು ಸಿಟ್ಟಿಲ್ಲ, ಸುರಿಸಿದ ಕಣ್ಣೀರು ದಂಡವಾಯಿತು ಅಂದುಕೊಂಡಿರಬೇಕು. ಸಿಟ್ಟೆಲ್ಲ ಒಳಗೆ ಕುಳಿತಿದ್ದ ದೊಡ್ಡ ಸಾಹೇಬರ ಮೇಲೆ. ನಮ್ಮ ಕಡೆ ಅವ್ವ ಅಂದರೆ ಅಜ್ಜಿ ಸಾರ್ ಎಂದು ನಾನು ಕೈಮುಗಿದು ಹೇಳುತ್ತಿದ್ದರೆ, 'ಅವ್ವ ಅಂದ್ರೆ ಯಾರು ಅಂತ ನಮಗೂ ಗೊತ್ತಮ್ಮ, ನಮಗೂ ಕನ್ನಡ ಬರುತ್ತೆ' ಎಂದು ನಕ್ಕರು. ಸೂತಕದ ಮನೆಯವರ ಮುಂದೆ ನಗುವ ಮಾತೇ ಅದು? ನಾನು ಉಸಿರಾಡುತ್ತಾ ನಿಂತಿದ್ದೇ ನಿನ್ನ ಅಪರಾಧಕ್ಕೆ ಸಾಕ್ಷಿಯಾಯಿತು. 'ತಾಯಿ ಸತ್ತಳೆಂದು ಸುಳ್ಳು ಹೇಳಿ ಆಚೆ ಹೋದೆ, ಎಲ್ಲರ ಆರೋಗ್ಯಕ್ಕೆ ಅಪಾಯ ತಂದೆ' ಎಂದು ನಿನ್ನ ಕೈಯಿಂದಲೇ ಬರೆದು ಕ್ಷಮೆ ಕೇಳಿದರೆ ಪರೀಕ್ಷೆ, ಇಲ್ಲದಿದ್ದರೆ ವರ್ಷ ಹೋಯಿತು. ಅಲ್ಲಿಯ ತನಕ ಹಾಸ್ಟೆಲಿನ ಒಳಗೂ ಬಿಡುವುದಿಲ್ಲ ಎಂದಾಗ ನಿನ್ನನ್ನು ರಮ್ಯಳ ಮನೆಯಲ್ಲಿ ಬಿಟ್ಟು ಬಂದೆ.

ಈಗ ತಮಾಷೆ ಕೇಳು. ನಿನ್ನ ಗೆಳತಿ ಗಂಗಾಲಕ್ಷ್ಮಿ ನಿನ್ನೆ ಫೋನ್ ಮಾಡಿದ್ದಳು. ದಸರಾ ಮುಗಿಯುತ್ತಿದ್ದಂತೆ ಆ ನಿಯಮವನ್ನೇ ತೆಗೆದುಹಾಕಿದ್ದಾರಂತೆ. ಯಾರು ಬೇಕಾದರೂ ಹೋಗಬಹುದು, ಬರಬಹುದು, ಗನ್ನು ಹಿಡಿಯುವವನೂ ಇಲ್ಲವಂತೆ. ನಿನ್ನ ವಿಷಯ ಕೇಳಿದ್ದಕ್ಕೆ, ಅದು ಆಗಿನ ನಿಯಮದ ಪ್ರಕಾರ ನಡೆದದ್ದು, ಈಗ ಬದಲಾಯಿಸಲು ಬರುವುದಿಲ್ಲ ಅಂದರಂತೆ. ನಿಯಮ ಸತ್ತಿದೆ, ಶಿಕ್ಷೆ ಬದುಕಿದೆ. ಬರೆದುಕೊಟ್ಟು ಕೈತೊಳೆದುಕೊಳ್ಳಲಿ ಎನ್ನುತ್ತಾರೆ ನಿಮ್ಮಪ್ಪ. ರಮ್ಯಳೂ ಅಲ್ಲಿ ಅದನ್ನೇ ಹೇಳುತ್ತಿರುತ್ತಾಳೆ, ಒಂದು ಸಾಲು ತಾನೇ, ಯಾರು ಓದುತ್ತಾರೆ ಎಂದು. ಸೋಮವಾರ ಕೊನೆಯ ದಿನ. ನೀನು ಅಲ್ಲಿ ಕುಳಿತು ಅಳುತ್ತಿರುವುದು ವರ್ಷ ಹೋಗುತ್ತದೆಂದಲ್ಲ, ಆ ಸಾಲು ಬರೆಯಲು ಕೈ ಬಾರದೆ ಎನ್ನುವುದು ನನಗೆ ಗೊತ್ತು ಕಣೇ.

ಹೊತ್ತಿಗೆ ಸರಿಯಾಗಿ ಉಣ್ಣು. ಹುರಿಹಿಟ್ಟಿಗೆ ಬೆಲ್ಲ ಬೆರೆಸಿಯೇ ಇದೆ, ಹಾಲು ಹಾಕಿ ಕಲಸಿಕೊಂಡರೆ ಸಾಕು. ರಮ್ಯಳನ್ನೂ ಅವಳ ಮನೆಯವರನ್ನೂ ಕೇಳಿದೆನೆಂದು ಹೇಳು. ಊರ ಗಂಗಮ್ಮ ನಿನ್ನನ್ನು ತಣ್ಣಗೆ ಇಟ್ಟಿರಲಿ.

ಹಾಸ್ಟೆಲಿನ ಲೆಕ್ಕದಲ್ಲಿ ತೀರಿಕೊಂಡಿರುವ,
ನಿನ್ನ ಅಮ್ಮ
ಸುನಂದ

ಮರೆತ ಮಾತು: ವೆಂಕಟ್ ಆಗಲೇ ಹಾರನ್ ಹೊಡೆಯುತ್ತಿದ್ದಾನೆ, ಗೀಚುತ್ತಿದ್ದೇನೆ, ಹೊಂದಿಸಿಕೊಂಡು ಓದಿಕೋ. ಆ ಸಾಲು ಬರೆಯಬೇಡ. ನಾನು ಊರ ಮಕ್ಕಳಿಗೆ ಹಾಡು ಹೇಳಿಕೊಡಲು ಹೋದಾಗ ನಿನಗೆ ಎಣ್ಣೆ ಹಚ್ಚಿ ನೀರೆರೆದು ತೊಡೆಯ ಮೇಲೆ ಮಲಗಿಸಿಕೊಂಡವಳು ನಿನ್ನ ಅವ್ವ. ಹಾಸ್ಟೆಲಿಗೆ ದಿನಾ ಫೋನ್ ಮಾಡಿಸಿ 'ತಿನ್ನಾವಾ ಅಮ್ಮಣ್ಣೀ' ಎಂದು ನಿನ್ನ ಊಟ ಕೇಳುತ್ತಿದ್ದವಳೂ ಅವಳೇ. ಬದುಕಿದ್ದಷ್ಟು ದಿನ ಅತ್ತೆಗೆ ಈ ಒಂದು ವಿಷಯ ಬಿಟ್ಟುಕೊಟ್ಟವಳಲ್ಲ ನಾನು, ಈಗ ಬಿಟ್ಟುಕೊಡುತ್ತೇನೆ. ಆ ಮೇಡಂ ಬರೆದುಕೊಂಡದ್ದು ಸರಿಯಾಗಿಯೇ ಇದೆ, ತೀರಿಕೊಂಡದ್ದು ನಿನ್ನ ತಾಯಿಯೇ. ವರ್ಷ ಹೋದರೆ ಹೋಗಲಿ. ಸೋಮವಾರ ನಾನೂ ಬರುತ್ತೇನೆ, ಹಾಸ್ಟೆಲಿನ ಗೇಟಿನ ಹತ್ತಿರ ಕಾಯುತ್ತಿರು. ತೀರಿಕೊಂಡದ್ದು ನಿನ್ನ ತಾಯಿಯೇ ಎಂದು ಯಾರು ಹೇಳಿದರು ಅಂತ ಆ ಸಾಹೇಬರು ಕೇಳಿದರೆ, ಬದುಕಿರುವ ನಮ್ಮಮ್ಮ ಹೇಳಿದಳು ಅನ್ನು.