ಬೆನ್ನ ಮೇಲಿನ ಮಚ್ಚಿ

ಸುಲೇಪೇಟ
೧೨-೨-೧೯೭೬

ಪ್ರೀತಿಯ ಭೀಮಕ್ಕನಿಗೆ ತಂಗಿ ಗುರುದೇವಿಯ ನಮಸ್ಕಾರ.

ಅಕ್ಷರ ಸೊಟ್ಟ ಇವೆ, ಕಾಗುಣಿತವೂ ತಪ್ಪಿರಬಹುದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಬೈಯಬೇಡ. ಭಾಳ ದಣಿದಿದ್ದೇನೆ ಅಕ್ಕ, ಕೆಲಸದಿಂದಲ್ಲ. ಈ ಮನೆಯಲ್ಲಿ ನನಗೀಗ ಕೆಲಸವನ್ನೇ ಕೊಡುತ್ತಿಲ್ಲ.

ಹೋದ ವಾರ ದವಾಖಾನೆಯವರೊಬ್ಬರು ಮನೆಮನೆಗೆ ಬಂದಿದ್ದರು. ಮೈಸೂರು ಕಡೆಯ ಮಾತು. "ಮೈಮೇಲೆ ಮಚ್ಚೆ ಇದೆಯಾ ತಾಯಿ?" ಎಂದು ಕೇಳಿದರು. ನಮ್ಮ ಮಚ್ಚಿಯನ್ನೇ ಕೇಳುತ್ತಿದ್ದಾರೆ ಅಂದುಕೊಂಡು, ಬೆನ್ನ ಮ್ಯಾಲ ಅದರಿ ಅಂದೆ. ಬೆನ್ನ ಮಚ್ಚಿ ಅದೃಷ್ಟದ್ದು ಅಂತ ಅವ್ವ ಹೇಳುತ್ತಿದ್ದಳಲ್ಲ, ಸ್ವಲ್ಪ ಹೆಮ್ಮೆಯಿಂದಲೇ ಅಂದೆ. ಅವರು ಮುಖ ಸಣ್ಣದು ಮಾಡಿ, ಚಿಂಚೋಳಿ ದವಾಖಾನೆಗೆ ಬಂದು ತೋರಿಸಿ, ಹೆದರಬೇಡಿ, ಗುಳಿಗೆ ಇದೆ ಅಂದರು. ದವಾಖಾನೆಯವರ ಮಾತಿನಲ್ಲಿ ಮಚ್ಚೆ ಅಂದರೆ ಮುಟ್ಟಿದರೂ ಚುಚ್ಚಿದರೂ ಗೊತ್ತಾಗದ ಬಿಳಿಚಿದ ಕಲೆಯಂತೆ. ದೊಡ್ಡರೋಗದ, ಅಂದರೆ ಕುಷ್ಠದ ಗುರುತು. ಇದು ನನಗೆ ಆಮೇಲೆ ತಿಳಿಯಿತು. ಓಣಿಗೆ ಮೊದಲೇ ತಿಳಿದಿತ್ತು.

ಆವತ್ತಿನಿಂದ ನನ್ನ ಗಂಗಾಳ ಬೇರೆ, ಹಾಸಿಗೆ ಬೇರೆ. ರೊಟ್ಟಿ ಬಡಿಯಲು ಅತ್ತಿ ಬಿಡುವುದಿಲ್ಲ. ಎಳ್ಳಿನಷ್ಟಿರುವ ಕರೀ ಮಚ್ಚಿಯನ್ನು ತೋರಿಸಲು ಹೋದರೆ ಮುಖ ತಿರುಗಿಸಿ, "ಸರ್ಕಾರದವರ ಮುಂದ ನೀನೇ ಹೌದಂದಿ. ಈಗ ನಮಗ ಬ್ಯಾರೆ ಹೇಳಬ್ಯಾಡ" ಅಂದರು. ನಮ್ಮ ಮನೆಯವರು ನನಗೆ ಏನೂ ಅನ್ನುವುದಿಲ್ಲ. ಅಮಾಸಿ ಕಳೆದ ಮೇಲೆ ನನ್ನನ್ನು ವಾಡಿಗೆ ನಿಮ್ಮ ಹತ್ತಿರ ಬಿಟ್ಟುಬರುತ್ತೇನೆ ಅಂತ ತಾಯಿಗೆ ಹೇಳಿದ್ದು ಕೇಳಿಸಿತು.

ಪಕ್ಕದ ಮನೆಯ ಸುಗರಾಬಿ ಒಬ್ಬಳೇ ಬಂದು ನೋಡಿದಳು. "ಇದಕ್ಕ ನಾವು ತಿಲ್ ಅಂತೀವಿ, ಅಂದ್ರ ಎಳ್ಳು. ನೀನೂ ಎಳ್ಳ ಅದರಿ ಅಂದಿದ್ರ ಆ ಮನಷ್ಯಾ ಬೆಲ್ಲ ಕೇಳಿ ತಿಂದು ಹೋಗತಿದ್ದ" ಅಂದಳು. ನಗು ಬಂತು, ಅದರ ಹಿಂದೆಯೇ ಅಳು.

ಅವ್ವ ನಿನ್ನ ಹತ್ತಿರವೇ ಇದ್ದಾಳೆ. ಕರಕೊಂಡು ಬಾ. ಇದು ಹುಟ್ಟಿನಿಂದ ಬಂದ ಮಚ್ಚಿ ಎಂದು ಹೆತ್ತವಳು ಹೇಳಿದರೆ ಇವರು ನಂಬಬಹುದು. ನನಗೆ ಹೇಳಿ ಹೇಳಿ ಸಾಕಾಗಿದೆ.

ಇಂತಿ ನಿನ್ನ ತಂಗಿ
ಗುರುದೇವಿ

ತಾ.ಕ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಈಗ ಬರಬೇಡಿರಿ. ಇಂದು ಬೆಳಿಗ್ಗೆ ಅತ್ತಿ ರೊಟ್ಟಿ ಸುಡುವಾಗ ಅವರ ಮೊಣಕೈ ಕಾದ ಹಂಚಿಗೆ ತಾಗಿ ಹಾಗೇ ಇತ್ತು. ಸುಟ್ಟ ವಾಸನೆ ಬಾಗಿಲಲ್ಲಿದ್ದ ನನಗೆ ಬಂತು, ಅವರು ಮಾತ್ರ ರೊಟ್ಟಿ ತಿರುವುತ್ತಲೇ ಇದ್ದರು. ಅಲ್ಲೊಂದು ಬಿಳಿಚಿದ ಕಲೆ ಇದೆ. ಚಿಬ್ಬು ಅಂತ ಎಲ್ಲರೂ ಬಿಟ್ಟಿದ್ದೆವು. ನಾನು ಯಾರಿಗೂ ಹೇಳಿಲ್ಲ. ನನ್ನ ಮಚ್ಚಿ ತೋರಿಸಲು ಚಿಂಚೋಳಿಗೆ ಹೋಗಬೇಕು, ಒಬ್ಬಳಿಗೆ ಹೆದರಿಕೆ, ನೀವೂ ಬರ್ರಿ ಅತ್ತಿ ಅಂದೆ. ಗೊಣಗುತ್ತಲೇ ಒಪ್ಪಿದರು. ಅವರು ಆ ಕಡೆ ತಿರುಗಿ ತುರುಬು ಕಟ್ಟುವಾಗ ಸುಟ್ಟಲ್ಲಿ ಮೆಲ್ಲಗೆ ಬೆಣ್ಣೆ ಹಚ್ಚಿದೆ. ನಾನು ಮುಟ್ಟಿದ್ದು ಅವರಿಗೆ ಗೊತ್ತಾಗಲಿಲ್ಲ.